1922ರ ಬೆಂಕಿ ಮತ್ತು ಐರಿಷ್ ಮುತ್ತಜ್ಜನ ಊರು

ಪ್ರಶ್ನೆ: ನಮ್ಮ ತಾಯಿಯ ಮುತ್ತಜ್ಜ ಐರ್ಲೆಂಡಿನಿಂದ ಬಂದು ಬೆಂಗಳೂರಿನ ದಂಡಿನಲ್ಲಿ ಸೈನಿಕರಾಗಿದ್ದರೆಂದು ಮನೆಯಲ್ಲಿ ಹೇಳುತ್ತಾರೆ. ಆದರೆ ಐರ್ಲೆಂಡಿನ ದಾಖಲೆಗಳೆಲ್ಲ 1922ರಲ್ಲಿ ಸುಟ್ಟುಹೋದವಂತೆ. ಇನ್ನು ಹುಡುಕಿ ಪ್ರಯೋಜನವಿದೆಯೇ?

ಉತ್ತರ: ಖಂಡಿತ ಇದೆ. ಈ ಪ್ರಶ್ನೆಗೆ ಎಷ್ಟು ಸಲ ಉತ್ತರಿಸಿದ್ದೇನೋ ಲೆಕ್ಕವಿಲ್ಲ. 'ಎಲ್ಲ ಸುಟ್ಟುಹೋಯಿತು' ಎಂಬ ಮಾತನ್ನು ನಂಬಿ ಹುಡುಕಾಟವನ್ನೇ ಕೈಬಿಟ್ಟವರು ಬಹಳ ಮಂದಿ ಇರುವುದರಿಂದ ಮತ್ತೊಮ್ಮೆ ವಿವರವಾಗಿ ಹೇಳುತ್ತೇನೆ.

ಐರ್ಲೆಂಡಿನ ಅಂತರ್ಯುದ್ಧದ ಆರಂಭದಲ್ಲಿ, 1922ರ ಜೂನ್ 30ರಂದು, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಎಂಬ ನ್ಯಾಯಾಲಯಗಳ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟ ಮತ್ತು ಬೆಂಕಿಗೆ ಸಿಕ್ಕಿ ನಾಶವಾದದ್ದು ನಿಜ. ಅಲ್ಲಿದ್ದ 1821, 1831, 1841 ಮತ್ತು 1851ರ ಜನಗಣತಿಯ ಹಾಳೆಗಳ ಬಹುಪಾಲು, ಮೂಲ ಉಯಿಲುಗಳು, ಪ್ರಾಟೆಸ್ಟಂಟರ ಚರ್ಚ್ ಆಫ್ ಐರ್ಲೆಂಡ್ ಆ ಕಚೇರಿಗೆ ಒಪ್ಪಿಸಿದ್ದ ರಿಜಿಸ್ಟರುಗಳು ಬೂದಿಯಾದವು. ಅದು ಒಂದು ದೇಶದ ನೆನಪಿಗೇ ಬಿದ್ದ ಪೆಟ್ಟು. ಅದನ್ನು ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ ಜನರು ಆ ಬೆಂಕಿಯ ಲೆಕ್ಕಕ್ಕೆ ಬರೆಯುವ ನಷ್ಟವೆಲ್ಲ ಅದರದ್ದಲ್ಲ. 1861 ಮತ್ತು 1871ರ ಜನಗಣತಿಯ ಹಾಳೆಗಳನ್ನು ಅದಕ್ಕೆ ಬಹಳ ಹಿಂದೆಯೇ ಸರ್ಕಾರದ ಆದೇಶದಂತೆ ನಾಶಮಾಡಲಾಗಿತ್ತು. 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಗದದ ಅಭಾವದಲ್ಲಿ ತಿರುಳಾಗಿ ಹೋಗಿದ್ದವು. ಅಂದರೆ ನಾಲ್ಕು ಗಣತಿಗಳನ್ನು ಕಳೆದುಕೊಂಡದ್ದು ಬಂದೂಕು ಹಿಡಿದವರಿಂದಲ್ಲ, ಕಚೇರಿಯ ಟಿಪ್ಪಣಿಗಳಿಂದ.

ಇನ್ನು ಆ ಕಟ್ಟಡದೊಳಗೆ ಎಂದೂ ಇಲ್ಲದಿದ್ದವುಗಳ ಮಾತು. ಕ್ಯಾಥೊಲಿಕ್ ಚರ್ಚುಗಳ ದೀಕ್ಷಾಸ್ನಾನ ಮತ್ತು ಮದುವೆಯ ರಿಜಿಸ್ಟರುಗಳು ಆಯಾ ಪ್ಯಾರಿಷ್‌ಗಳಲ್ಲೇ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಪ್ರದೇಶದಲ್ಲೇ, ಇದ್ದವು. ಅವುಗಳ ಮೈಕ್ರೋಫಿಲ್ಮ್ ಪ್ರತಿಗಳನ್ನು ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ 2015ರಲ್ಲಿ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿತು. 1864ರಿಂದ ಎಲ್ಲ ಧರ್ಮದವರ ಜನನ, ಮರಣ, ವಿವಾಹಗಳ ನೋಂದಣಿ ಕಡ್ಡಾಯವಾಗಿತ್ತು; ಕ್ಯಾಥೊಲಿಕರಲ್ಲದವರ ಮದುವೆಗಳು 1845ರಿಂದಲೇ ನೋಂದಣಿಯಾಗುತ್ತಿದ್ದವು. ಈ ಪುಸ್ತಕಗಳೂ ಉಳಿದಿವೆ. 1901 ಮತ್ತು 1911ರ ಜನಗಣತಿ ಮನೆಮನೆಯ ಹಾಳೆಯ ಸಮೇತ ಉಳಿದಿದೆ. 1847ರಿಂದ 1864ರವರೆಗೆ ನಡೆದ ಗ್ರಿಫಿತ್ ಮೌಲ್ಯಮಾಪನವಂತೂ ನಮ್ಮ ಪಹಣಿ ಓದಿ ಬಲ್ಲವರಿಗೆ ತಟ್ಟನೆ ಅರ್ಥವಾಗುವ ದಾಖಲೆ: ಜಮೀನು ಯಾರ ಸ್ವಾಧೀನದಲ್ಲಿದೆ, ಅದನ್ನು ಗೇಣಿಗೆ ಕೊಟ್ಟವರು ಯಾರು, ವಿಸ್ತೀರ್ಣವೆಷ್ಟು, ಮೌಲ್ಯವೆಷ್ಟು ಎಂಬುದೆಲ್ಲ ಅದರಲ್ಲಿದೆ.

ಹಾಗಿದ್ದರೆ ಹುಡುಕಾಟ ಎಡವುವುದೆಲ್ಲಿ? ಊರಿನ ಹೆಸರಿನಲ್ಲಿ. 'ಮರ್ಫಿ, ಕಾರ್ಕ್ ಕೌಂಟಿ' ಎಂದಷ್ಟೇ ಹೇಳುವುದು 'ಪಾಟೀಲರು, ಧಾರವಾಡ ಜಿಲ್ಲೆ' ಎಂದಂತೆ. ಟೌನ್‌ಲ್ಯಾಂಡ್ ಎಂದರೆ ಅಲ್ಲಿಯ ಜಮೀನಿನ ಅತಿ ಚಿಕ್ಕ ವಿಭಾಗ; ಐರ್ಲೆಂಡಿನಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಟೌನ್‌ಲ್ಯಾಂಡ್‌ಗಳಿವೆ. ಪ್ಯಾರಿಷ್ ಅಥವಾ ಟೌನ್‌ಲ್ಯಾಂಡ್ ತಿಳಿಯದೆ ಮೇಲಿನ ಯಾವ ಪುಸ್ತಕವನ್ನು ತೆರೆದರೂ ಅದೇ ಹೆಸರಿನ ಹತ್ತಾರು ಜನ ಎದುರಾಗುತ್ತಾರೆ. ಆದ್ದರಿಂದ ನೀವು ಆರಂಭಿಸಬೇಕಾದದ್ದು ಡಬ್ಲಿನ್ನಿನಿಂದಲ್ಲ. ಮದ್ರಾಸ್ ಪ್ರಾಂತ್ಯದ ಚರ್ಚುಗಳ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರದ ವರದಿಗಳ ಪ್ರತಿಗಳು ಲಂಡನ್ನಿಗೆ ಹೋಗುತ್ತಿದ್ದವು. ಬೆಂಗಳೂರಿನ ದಂಡಿನವೂ ಅವುಗಳೊಡನೆ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಬ್ರಿಟಿಷ್ ಸೈನ್ಯದಿಂದ ಪಿಂಚಣಿ ಪಡೆದು ಬಿಡುಗಡೆಯಾದವರ ಕಾಗದಗಳು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ; ಹುಟ್ಟಿದ ಪ್ಯಾರಿಷ್ ಸಾಮಾನ್ಯವಾಗಿ ಅಲ್ಲಿ ನಮೂದಾಗಿರುತ್ತದೆ. ಆ ಒಂದು ಪದ ಸಿಕ್ಕಿದರೆ ಉಳಿದ ದಾರಿ ತೆರೆದುಕೊಳ್ಳುತ್ತದೆ. ಮಿತಿಯೂ ಇದೆ: ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ ರಿಜಿಸ್ಟರುಗಳು ಆರಂಭವಾದದ್ದೇ ತಡವಾಗಿ, ಆದ್ದರಿಂದ ಅಲ್ಲಿಯ ಗೇಣಿದಾರ ಕುಟುಂಬದ ಜಾಡು ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ನಿಂತುಹೋಗಬಹುದು.

ಯಾರೂ ಕೇಳದ ಇನ್ನೊಂದು ಪ್ರಶ್ನೆಯೂ ಇದೆ. ಎಲ್ಲರೂ ತಮ್ಮ ಮುತ್ತಜ್ಜನನ್ನು ಹುಡುಕುತ್ತಾರೆ. ಜೇಮ್ಸ್ ಕಸಿನ್ಸ್ ಎಲ್ಲಿಯವರೆಂದು ಕನ್ನಡಿಗರು ಕೇಳಿದ್ದನ್ನು ನಾನು ಕಾಣೆ. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ತರುಣ ಕುವೆಂಪು ಅವರಿಗೆ 'ನಿಮ್ಮ ಭಾಷೆಯಲ್ಲಿ ಬರೆಯಿರಿ' ಎಂದು ಮೈಸೂರಿನಲ್ಲಿ ಹೇಳಿದ ಆ ಕವಿ ನಮಗೆ ಆ ಒಂದು ಭೇಟಿಯಷ್ಟೇ. ಅವರು ಹುಟ್ಟಿದ್ದು 1873ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ. ಅವರ ಪತ್ನಿ ಮಾರ್ಗರೆಟ್ 1878ರಲ್ಲಿ ರಾಸ್ಕಾಮನ್ ಕೌಂಟಿಯ ಬಾಯ್ಲ್ ಎಂಬ ಪಟ್ಟಣದಲ್ಲಿ ಹುಟ್ಟಿದವರು. 1908ರಲ್ಲಿ ಐರ್ಲೆಂಡಿನ ಮಹಿಳೆಯರ ಮತದಾನದ ಹಕ್ಕಿಗಾಗಿ ಸಂಘ ಕಟ್ಟಿದವರಲ್ಲಿ ಒಬ್ಬರು, 1919ರಲ್ಲಿ ಮದನಪಲ್ಲಿಯಲ್ಲಿ 'ಜನಗಣಮನ'ದ ಧಾಟಿಯನ್ನು ಸ್ವರಲಿಪಿಯಲ್ಲಿ ಬರೆದಿಟ್ಟವರು. ಇಬ್ಬರ ಜನನವೂ 1864ರ ನಂತರದ್ದು, ಅಂದರೆ ಕಡ್ಡಾಯ ನೋಂದಣಿಯ ಕಾಲದ್ದು. 1903ರ ಅವರ ಮದುವೆಯೂ ಹಾಗೆಯೇ. ಬೆಲ್‌ಫಾಸ್ಟ್ ಇಂದು ಉತ್ತರ ಐರ್ಲೆಂಡಿಗೆ ಸೇರಿದ್ದರೂ ಆ ಕಾಲದ ನೋಂದಣಿ ಇಡೀ ದ್ವೀಪಕ್ಕೆ ಒಂದೇ ಆಗಿತ್ತು. ಜನನದ ನಮೂದಿನಲ್ಲಿ ತಂದೆಯ ಕಸುಬಿಗೂ ತಾಯಿಯ ತವರುಮನೆಯ ಹೆಸರಿಗೂ ಬೇರೆ ಅಂಕಣಗಳಿವೆ. ನಿಮ್ಮ ಮುತ್ತಜ್ಜನಿಗಾಗಿ ಆ ರಿಜಿಸ್ಟರನ್ನು ತೆರೆದ ದಿನ, 1873ರ ಬೆಲ್‌ಫಾಸ್ಟ್ ಪುಟಗಳನ್ನೂ ತಿರುವಿ ನೋಡಿ.