ಪಿ.ಪಿ. ಹೇಳಿದರೆ ಪೊಲೀಸರು ಕೇಳಲೇಬೇಕೇ?

ಓದುಗರ ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ನಮ್ಮ ತೋಟದ ಗೋದಾಮಿನ ಬೀಗ ಒಡೆದು ರಾತ್ರೋರಾತ್ರಿ ಕರಿಮೆಣಸಿನ ಮೂಟೆಗಳನ್ನು ಸಾಗಿಸಿದ್ದಾರೆ. ಎಫ್‌ಐಆರ್ ಆಗಿ ಎರಡು ತಿಂಗಳಾಗುತ್ತಾ ಬಂತು. ಇಬ್ಬರನ್ನು ಹಿಡಿದಿದ್ದಾರೆ, ಮಾಲು ಕೊಂಡ ವ್ಯಾಪಾರಿಯನ್ನು ಮಾತ್ರ ಮುಟ್ಟಿಲ್ಲ. ಕೋರ್ಟಿನಲ್ಲಿ ಸರ್ಕಾರದ ಪರ ನಿಲ್ಲುವವರು ಪಿ.ಪಿ. (ಪಬ್ಲಿಕ್ ಪ್ರಾಸಿಕ್ಯೂಟರ್, ಅಂದರೆ ಸರ್ಕಾರಿ ಅಭಿಯೋಜಕರು) ತಾನೆ? ಹಾಸನಕ್ಕೆ ಹೋಗಿ ಅವರಿಗೆ ಅರ್ಜಿ ಕೊಟ್ಟರೆ ತನಿಖಾಧಿಕಾರಿಗೆ ಆದೇಶ ಮಾಡುತ್ತಾರೆಯೇ?

ಉತ್ತರ: ಮಾಡಲಾರರು. ಆ ಅಧಿಕಾರ ಅವರಿಗಿಲ್ಲ. ಹಾಗೆಂದು ಅವರ ಮಾತಿಗೆ ಬೆಲೆಯೇ ಇಲ್ಲ ಎಂದುಕೊಳ್ಳಬೇಡಿ. ಆ ಮಾತು ಯಾವ ಹಂತದಲ್ಲಿ ನಡೆಯುತ್ತದೆ ಎಂಬುದು ಗೊತ್ತಿಲ್ಲದೆ ಹೆಚ್ಚಿನ ದೂರುದಾರರು ತಪ್ಪು ಬಾಗಿಲನ್ನು ತಪ್ಪು ಸಮಯದಲ್ಲಿ ತಟ್ಟುತ್ತಾರೆ.

ಮೊದಲು ಬಾಗಿಲಿನ ವಿಷಯ. ರಾತ್ರಿ ಹೊತ್ತು ಕಟ್ಟಡ ಒಡೆದು ಒಳನುಗ್ಗಿ ಕದಿಯುವುದು ಭಾರತೀಯ ನ್ಯಾಯ ಸಂಹಿತೆಯ 331(4)ನೇ ಕಲಮಿಗೆ ಬರುತ್ತದೆ. ಅದಕ್ಕೆ 14 ವರ್ಷದವರೆಗೆ ಶಿಕ್ಷೆ ಇದ್ದರೂ ವಿಚಾರಣೆ ನಡೆಯುವುದು ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ನ್ಯಾಯಾಲಯದಲ್ಲಿ. ಅಲ್ಲಿ ಸರ್ಕಾರದ ಪರ ನಿಲ್ಲುವವರು ಸಹಾಯಕ ಸರ್ಕಾರಿ ಅಭಿಯೋಜಕರು, ಅಂದರೆ ಎಪಿಪಿ. ಹಾಸನದ ಜಿಲ್ಲಾ ನ್ಯಾಯಾಲಯದ ಪಿ.ಪಿ. ನೋಡಿಕೊಳ್ಳುವುದು ಕೊಲೆ, ಅತ್ಯಾಚಾರದಂಥ ಸೆಷನ್ಸ್ ಪ್ರಕರಣಗಳನ್ನು. ನಿಮ್ಮ ಕಡತ ಆ ಮೇಜಿಗೆ ಹೋಗುವುದೇ ಇಲ್ಲ.

ಅಮೆರಿಕದ ಜಿಲ್ಲಾ ಅಟಾರ್ನಿ ಕಚೇರಿಗಳಲ್ಲಿ ಸ್ವಂತ ತನಿಖಾಧಿಕಾರಿಗಳು, ಅವರ ಮೇಲೊಬ್ಬ ಮೇಲ್ವಿಚಾರಕರು ಇರುತ್ತಾರೆ. ಇಟಲಿಯಲ್ಲಂತೂ ಅಪರಾಧ ತನಿಖೆ ಮಾಡುವ ಪೊಲೀಸರು ನ್ಯಾಯಾಂಗದ ಹಿಡಿತದಲ್ಲಿರಬೇಕೆಂದು ಸಂವಿಧಾನದ 109ನೇ ವಿಧಿಯೇ ಹೇಳುತ್ತದೆ. ಒಟಿಟಿಯಲ್ಲಿ ಇಂಥದ್ದನ್ನು ನೋಡಿ ನಮ್ಮಲ್ಲೂ ಹಾಗೇ ಎಂದುಕೊಳ್ಳುವವರಿದ್ದಾರೆ. ನಮ್ಮ ದೇಶ ಬೇಕೆಂದೇ ಬೇರೆ ದಾರಿ ಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಗೆ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಬಹುಮಟ್ಟಿಗೆ ಪೊಲೀಸ್ ಪ್ರಾಸಿಕ್ಯೂಟರುಗಳೇ ಕೇಸು ನಡೆಸುತ್ತಿದ್ದರು. ಹಿಡಿದವರೂ ಅವರೇ, ವಾದಿಸುವವರೂ ಅವರೇ ಆದರೆ ಕಡತದ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. 1958ರಲ್ಲಿ ಕಾನೂನು ಆಯೋಗ ತನ್ನ 14ನೇ ವರದಿಯಲ್ಲಿ ಇವೆರಡನ್ನೂ ಬೇರ್ಪಡಿಸಲು ಹೇಳಿತು. 1995ರಲ್ಲಿ ಎಸ್.ಬಿ. ಶಹಾಣೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಎಪಿಪಿಗಳು ಪೊಲೀಸ್ ಇಲಾಖೆಯ ಅಧೀನದಲ್ಲಿ ಇರಕೂಡದು ಎಂದಿತು.

ಬೇಲಿ ಎರಡೂ ಕಡೆಗೆ ಇದೆ. 2000ನೇ ಇಸವಿಯ ಆರ್. ಸರಳಾ ಪ್ರಕರಣದಲ್ಲಿ ಮದ್ರಾಸ್ ಹೈಕೋರ್ಟ್, ಕಡತವನ್ನು ಸರ್ಕಾರಿ ಅಭಿಯೋಜಕರ ಮುಂದಿಟ್ಟು ಅಭಿಪ್ರಾಯ ಪಡೆದು ಅದರಂತೆ ಚಾರ್ಜ್‌ಶೀಟ್ ತಿದ್ದಿ ಎಂದು ಪೊಲೀಸರಿಗೆ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಆರೋಪಿಯ ಮೇಲೆ ಕೇಸು ನಿಲ್ಲುತ್ತದೋ ಇಲ್ಲವೋ ಎಂಬ ಅಭಿಪ್ರಾಯಕ್ಕೆ ಬರುವುದು ತನಿಖೆಯ ಕೊನೆಯ ಹೆಜ್ಜೆ, ಅದನ್ನು ಇಡಬೇಕಾದವರು ಪೊಲೀಸರು ಮಾತ್ರ, ಅಭಿಯೋಜಕರ ಅಭಿಪ್ರಾಯ ಪಡೆಯಲೇಬೇಕೆಂದು ಅವರನ್ನು ಕಟ್ಟಿಹಾಕುವಂತಿಲ್ಲ ಎಂಬುದು ತೀರ್ಪಿನ ಸಾರ.

2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗದಲ್ಲಿ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಈ ಬೇಲಿಯನ್ನು ಕಿತ್ತಿಲ್ಲ, ಸ್ವಲ್ಪ ಸಡಿಲಿಸಿದೆ. ಅದರ 20ನೇ ಕಲಮಿನಂತೆ ಅಭಿಯೋಗ ಉಪನಿರ್ದೇಶಕರು ಪೊಲೀಸ್ ವರದಿಯನ್ನು ಪರಿಶೀಲಿಸಬಹುದು. 7ರಿಂದ 10 ವರ್ಷದೊಳಗಿನ ಶಿಕ್ಷೆಯ ಪ್ರಕರಣಗಳು ಬೇಗ ಮುಗಿಯುವಂತೆ ನಿಗಾ ಇಡುವುದೂ ಅವರ ಕೆಲಸ. ಹತ್ತಕ್ಕೆ ಮೇಲಿನವು ನಿರ್ದೇಶಕರಿಗೆ, ಏಳಕ್ಕೆ ಕೆಳಗಿನವು ಸಹಾಯಕ ನಿರ್ದೇಶಕರಿಗೆ. ನಿಗಾ ಎಂದಿದೆಯೇ ಹೊರತು ತನಿಖಾಧಿಕಾರಿಗೆ ನಿರ್ದೇಶನ ಎಂದು ಎಲ್ಲಿಯೂ ಇಲ್ಲ.

ಹಾಗಾದರೆ ತನಿಖಾಧಿಕಾರಿಯ ಮೇಲೆ ನಿಜವಾದ ಮೇಲ್ವಿಚಾರಣೆ ಯಾರದು? ಪೊಲೀಸ್ ಇಲಾಖೆಯೊಳಗೆ ಸಿಪಿಐ (ವೃತ್ತ ನಿರೀಕ್ಷಕರು), ಅವರ ಮೇಲೆ ಉಪವಿಭಾಗದ ಡಿವೈಎಸ್‌ಪಿ, ಆಮೇಲೆ ಎಸ್‌ಪಿ. ಅದಕ್ಕೂ ಮೇಲೆ ವಲಯದ ಐಜಿಪಿ. ಹಾಸನ ಜಿಲ್ಲೆ ಮೈಸೂರಿನ ದಕ್ಷಿಣ ವಲಯಕ್ಕೆ ಸೇರಿದರೆ ಪಕ್ಕದ ಚಿಕ್ಕಮಗಳೂರು ಮಂಗಳೂರಿನ ಪಶ್ಚಿಮ ವಲಯಕ್ಕೆ ಸೇರುತ್ತದೆ. ಮೂಡಿಗೆರೆಯವರು ಮೈಸೂರಿಗೆ ಅರ್ಜಿ ಕಳಿಸಿದರೆ ಅದು ಸುತ್ತಿ ಬರುವಷ್ಟರಲ್ಲಿ ಚಾರ್ಜ್‌ಶೀಟ್ ಆಗಿರುತ್ತದೆ. ಠಾಣಾಧಿಕಾರಿಗಿಂತ ಮೇಲಿನ ದರ್ಜೆಯವರು ಠಾಣಾಧಿಕಾರಿಯ ಅಧಿಕಾರಗಳನ್ನೆಲ್ಲ ತಾವೇ ಚಲಾಯಿಸಬಹುದು ಎಂದು ಸುರಕ್ಷಾ ಸಂಹಿತೆಯ 30ನೇ ಕಲಮು ಹೇಳುತ್ತದೆ. ಗಂಭೀರ ಪ್ರಕರಣವಾದರೆ ಎಸ್‌ಪಿ ತನಿಖೆಯನ್ನು ಡಿವೈಎಸ್‌ಪಿಗೆ ವಹಿಸಲು 175(1)ರಲ್ಲಿ ಅವಕಾಶವಿದೆ. ವ್ಯಾಪಾರಿಯ ಹೇಳಿಕೆ ತೆಗೆದುಕೊಳ್ಳಿ ಎಂದು ಕಟ್ಟುನಿಟ್ಟಾಗಿ ಹೇಳಬಲ್ಲವರು ಇವರು.

ಇನ್ನು ಎಪಿಪಿಯ ಮಾತು ನಡೆಯುವ ಜಾಗ. ಕರ್ನಾಟಕದಲ್ಲಿ ರೂಢಿಯೊಂದಿದೆ: ಚಾರ್ಜ್‌ಶೀಟನ್ನು ಕೋರ್ಟಿಗೆ ಹಾಕುವ ಮೊದಲು ಅದರ ಕರಡನ್ನು ಎಪಿಪಿ ಅಥವಾ ಪಿ.ಪಿ.ಗೆ ತೋರಿಸುವುದು. ಅವರು ಕಡತ ಓದಿ ನ್ಯೂನತೆಗಳನ್ನು ಬರೆದು ವಾಪಸ್ ಕಳಿಸುತ್ತಾರೆ, ಪೊಲೀಸರು ಸರಿಪಡಿಸಿ ಸಲ್ಲಿಸುತ್ತಾರೆ. ಇದು ಆದೇಶವಲ್ಲ, ಸಲಹೆ. ಆದರೆ ಬರಹದಲ್ಲಿ ಬಂದ ಸಲಹೆಯನ್ನು ಕಡೆಗಣಿಸಿ ಕೇಸು ಬಿದ್ದರೆ ಉತ್ತರ ಹೇಳಬೇಕಾದವರು ತನಿಖಾಧಿಕಾರಿ. 2014ರ ಕಿಶನ್‌ಭಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರತಿ ಖುಲಾಸೆಯನ್ನೂ ಪೊಲೀಸ್ ಮತ್ತು ಅಭಿಯೋಗ ಇಲಾಖೆಯ ಹಿರಿಯರ ಸಮಿತಿ ಪರಿಶೀಲಿಸಿ, ನಿರ್ಲಕ್ಷ್ಯ ಕಂಡರೆ ಹೊಣೆ ನಿಗದಿ ಮಾಡಬೇಕು ಎಂದಿದೆ. ಹಾಗಾಗಿ ಎಪಿಪಿ ಬರೆದ ನ್ಯೂನತೆ ಪಟ್ಟಿಗೆ ಠಾಣೆಯಲ್ಲಿ ತೂಕ ಇದ್ದೇ ಇದೆ.

ಒಳ್ಳೆಯ ಎಪಿಪಿ ನಿಮ್ಮ ಕಡತದಲ್ಲಿ ಏನು ಹುಡುಕುತ್ತಾರೆ? ಮೊದಲು ಮಾಲಿನ ಗುರುತು. ಕರಿಮೆಣಸಿಗೆ ಹೆಸರು ಬರೆದಿರುವುದಿಲ್ಲ. ವ್ಯಾಪಾರಿಯ ಮಳಿಗೆಯಲ್ಲಿ ಸಿಕ್ಕ ಹತ್ತು ಮೂಟೆ ನಿಮ್ಮದೇ ಎಂದು ಹೇಗೆ ಸಾಬೀತು ಮಾಡುವುದು? ಮಹಜರಿನಲ್ಲಿ ‘ಸುಮಾರು ಹತ್ತು ಮೂಟೆ ಮೆಣಸು’ ಎಂದಷ್ಟೇ ಇದ್ದರೆ ಪಾಟೀಸವಾಲಿನಲ್ಲಿ ಐದು ನಿಮಿಷ ನಿಲ್ಲುವುದಿಲ್ಲ. ಪ್ರತಿ ಮೂಟೆಯ ತೂಕ, ಚೀಲದ ಮೇಲಿನ ಅಚ್ಚು ಅಥವಾ ಹೊಲಿಗೆ ದಾರದ ಬಣ್ಣ, ತೋಟದ ದಾಸ್ತಾನು ಪುಸ್ತಕದ ಆ ವಾರದ ಪುಟ, ಮೆಣಸು ಒಣಗಿಸಿ ತೂಗಿದ ಚೀಟಿ, ಸಾಗಿಸಿದ ಗಾಡಿಯ ತೂಕದ ರಸೀದಿ ಇವೆಲ್ಲ ಕಡತದಲ್ಲಿ ಇರಬೇಕು. ಮಾದರಿ ತೆಗೆದಿದ್ದರೆ ಅರಗಿನ ಮೊಹರು ಹಾಕಿ ಪಂಚರ (ಜಪ್ತಿಗೆ ಸಾಕ್ಷಿಯಾಗಿ ನಿಂತವರ) ಸಹಿ ಇರುವ ಚೀಟಿ ಅಂಟಿಸಿರಬೇಕು.

ಆಮೇಲೆ ಪಂಚರು. ಇಬ್ಬರೂ ನಿಮ್ಮ ತೋಟದ ಆಳುಗಳೇ ಆದರೆ ‘ಯಜಮಾನರು ಹೇಳಿದ್ದಕ್ಕೆ ಸಹಿ ಹಾಕಿದರು’ ಎನ್ನುವ ವಾದ ಸಿದ್ಧವಾಗಿರುತ್ತದೆ. ಒಂದೇ ಠಾಣೆಯ ಐದಾರು ಕೇಸುಗಳಲ್ಲಿ ಅದೇ ಪಂಚರು ಕಾಣಿಸಿಕೊಂಡರೆ ಇನ್ನೂ ಕಷ್ಟ. ಈಗ ಶೋಧ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಿಸಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು ಎಂದು ಸುರಕ್ಷಾ ಸಂಹಿತೆಯ 105ನೇ ಕಲಮು ಹೇಳುತ್ತದೆ. ಪಂಚರು ತಿರುಗಿಬಿದ್ದಾಗ ಕೈ ಹಿಡಿಯುವುದು ಇದೇ ವಿಡಿಯೊ. ಮಲೆನಾಡಿನ ಮಳೆಗಾಲದಲ್ಲಿ ನೆಟ್‌ವರ್ಕ್ ಇಲ್ಲ, ಕರೆಂಟ್ ಇಲ್ಲ ಎಂಬ ಕಾರಣಕ್ಕೆ ಅದು ತಡವಾಗಿ ಅಪ್‌ಲೋಡ್ ಆದರೆ, ತಡವಾದದ್ದೇಕೆ ಎಂದು ಅಂದೇ ಕೇಸ್ ಡೈರಿಯಲ್ಲಿ ಬರೆದಿಡಬೇಕು. ಆರು ತಿಂಗಳ ನಂತರ ಸಾಕ್ಷಿಕಟ್ಟೆಯಲ್ಲಿ ನಿಂತು ಹೇಳಿದರೆ ಯಾರೂ ನಂಬುವುದಿಲ್ಲ.

ಅತಿ ಹೆಚ್ಚು ಕೇಸು ಬೀಳುವುದು ಸಿಸಿಟಿವಿ ವಿಷಯದಲ್ಲಿ. ಪೊಲೀಸರೋ ಮಾಲೀಕರೋ ಪರದೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡು ಸುಮ್ಮನಾಗುತ್ತಾರೆ. ಡಿವಿಆರ್‌ನ ಡಿಸ್ಕ್ ತುಂಬಿದಂತೆ ಹಳೆಯ ದೃಶ್ಯ ತಾನಾಗಿ ಅಳಿಸಿಹೋಗುತ್ತದೆ. ಅಷ್ಟರಲ್ಲಿ ಡಿವಿಆರ್ ಜಪ್ತಿ ಮಾಡಬೇಕು, ಇಲ್ಲವೇ ಸರಿಯಾದ ಪ್ರತಿ ತೆಗೆದು ಅದರ ಹ್ಯಾಶ್ ಮೌಲ್ಯ (ಪ್ರತಿಯನ್ನು ತಿದ್ದಿಲ್ಲ ಎಂದು ತೋರಿಸುವ ಡಿಜಿಟಲ್ ಗುರುತು) ದಾಖಲಿಸಬೇಕು. ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63(4)ರ ಪ್ರಮಾಣಪತ್ರ ಬೇಕು. ಅದರ ‘ಎ’ ಭಾಗಕ್ಕೆ ಉಪಕರಣ ನೋಡಿಕೊಳ್ಳುವವರ ಸಹಿ, ‘ಬಿ’ ಭಾಗಕ್ಕೆ ತಜ್ಞರ ಸಹಿ. ಹಳೆಯ ಕಾಯ್ದೆಯಡಿಯೇ 2020ರಲ್ಲಿ ಸುಪ್ರೀಂ ಕೋರ್ಟ್ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಈ ಪ್ರಮಾಣಪತ್ರ ಕಡ್ಡಾಯ ಎಂದಾಗಿತ್ತು. ಗೋದಾಮಿನ ಕ್ಯಾಮೆರಾ ನಿಮ್ಮದೇ ಆದರೆ ‘ಎ’ ಭಾಗಕ್ಕೆ ಸಹಿ ಹಾಕಬೇಕಾದವರು ನೀವೇ. ಅದನ್ನು ಪೊಲೀಸರು ಕೇಳಿಲ್ಲವೆಂದರೆ ನೀವಾಗಿಯೇ ಕೇಳಿ.

ವ್ಯಾಪಾರಿಯ ವಿಷಯಕ್ಕೆ ಬರೋಣ. ಕಳವು ಮಾಲೆಂದು ತಿಳಿದೋ ತಿಳಿಯಲು ಕಾರಣವಿದ್ದೋ ಕೊಂಡವರಿಗೆ ನ್ಯಾಯ ಸಂಹಿತೆಯ 317ನೇ ಕಲಮು. ‘ಮೆಣಸು ಅಲ್ಲಿ ಸಿಕ್ಕಿತು’ ಎಂಬುದು ಅದಕ್ಕೆ ಸಾಲದು. ಅಂದಿನ ಮಾರುಕಟ್ಟೆ ದರವೇನು, ಎಷ್ಟಕ್ಕೆ ಕೊಂಡ, ಬಿಲ್ಲು ಇದೆಯೇ, ಹಣ ಕೊಟ್ಟದ್ದು ನಗದಿನಲ್ಲೋ ಖಾತೆಗೋ, ಆರೋಪಿಗಳ ಜೊತೆ ಮೊದಲು ವ್ಯವಹಾರವಿತ್ತೇ ಎಂಬುದಕ್ಕೆಲ್ಲ ದಾಖಲೆ ಬೇಕು. ಎಷ್ಟೋ ಸಲ ಪೊಲೀಸರು ವ್ಯಾಪಾರಿಯನ್ನು ಸಾಕ್ಷಿಯನ್ನಾಗಿ ಮಾಡಿಕೊಳ್ಳುವುದು ಮಾರಿದವರನ್ನು ಗುರುತಿಸಲು ಬೇರೆ ಯಾರೂ ಇಲ್ಲದ ಕಾರಣಕ್ಕೆ. ಅದು ಯಾವಾಗಲೂ ಪಕ್ಷಪಾತವೇ ಆಗಿರಬೇಕಿಲ್ಲ. ಆದರೆ ಆ ನಿರ್ಧಾರಕ್ಕೆ ಕಾರಣ ಕಡತದಲ್ಲಿರಬೇಕು, ಇಲ್ಲದಿದ್ದರೆ ಎಪಿಪಿ ಕೇಳಿಯೇ ಕೇಳುತ್ತಾರೆ.

ಇಷ್ಟೆಲ್ಲ ಪರಿಶೀಲನೆ ಇದ್ದೂ ಲೋಪಗಳು ಏಕೆ ಉಳಿಯುತ್ತವೆ? ದಿನಗಳ ಲೆಕ್ಕದಿಂದ. ಆರೋಪಿ ಜೈಲಿನಲ್ಲಿದ್ದಾಗ ಮೊದಲ ರಿಮ್ಯಾಂಡ್ ದಿನದಿಂದ 60 ದಿನದೊಳಗೆ ಚಾರ್ಜ್‌ಶೀಟ್ ಬೀಳದಿದ್ದರೆ ಜಾಮೀನು ಅವನ ಹಕ್ಕಾಗುತ್ತದೆ. ಮರಣದಂಡನೆ, ಜೀವಾವಧಿ ಅಥವಾ ಕನಿಷ್ಠವೇ 10 ವರ್ಷದ ಶಿಕ್ಷೆ ಇರುವ ಅಪರಾಧವಾದರೆ 90 ದಿನ. ನಿಮ್ಮ ಕೇಸು 60ರ ಗುಂಪಿಗೆ ಸೇರುತ್ತದೆ. ತನಿಖಾಧಿಕಾರಿಗೆ ಬಂದೋಬಸ್ತು, ಜಾತ್ರೆ, ವಿಐಪಿ ಭೇಟಿ, ಜೊತೆಗೆ ಕೈಯಲ್ಲಿ ಇನ್ನೂ ಮೂವತ್ತು ಕಡತ. ಕರಡು ಎಪಿಪಿಯ ಮೇಜಿಗೆ ಬರುವುದು 57ನೇ ದಿನವೋ 58ನೇ ದಿನವೋ. ಅಷ್ಟು ಹೊತ್ತಿಗೆ ನ್ಯೂನತೆ ಬರೆದರೂ ಸರಿಪಡಿಸಲು ಸಮಯವಿಲ್ಲ. ‘ಸುರಕ್ಷಾ ಸಂಹಿತೆಯ 193(9)ರಡಿ ಹೆಚ್ಚಿನ ತನಿಖೆ ಕಾಯ್ದಿರಿಸಿದೆ’ ಎಂಬ ಸಾಲು ಸೇರಿಸಿ ಹಾಕಿಬಿಡುತ್ತಾರೆ. ಆ ಹೆಚ್ಚಿನ ತನಿಖೆಯನ್ನು ಆಮೇಲೆ ಯಾರೂ ನೆನಪಿಸದಿದ್ದರೆ ಅದು ಆ ಸಾಲಿನಲ್ಲೇ ಉಳಿಯುತ್ತದೆ.

ಆದ್ದರಿಂದ ನೀವು ಮಾಡಬೇಕಾದ ಕೆಲಸ ಈ ವಾರವೇ ಇದೆ. ಒಂದು ಪುಟದ ಅರ್ಜಿ ಬರೆಯಿರಿ. ಮೇಲೆ ಕ್ರೈಂ ನಂಬರ್, ಠಾಣೆ, ಕಲಮುಗಳು. ಕೆಳಗೆ ‘ತನಿಖೆ ಸರಿಯಿಲ್ಲ’ ಎಂಬ ಗೋಳು ಬೇಡ. ಯಾವ ಸಾಕ್ಷಿಯ ಹೇಳಿಕೆ ಬಾಕಿ ಇದೆ, ಯಾವ ದಾಖಲೆ ಎಲ್ಲಿದೆ, ಯಾವ ಕ್ಯಾಮೆರಾದ ಯಾವ ದಿನದ ಎಷ್ಟು ಗಂಟೆಯ ದೃಶ್ಯ ಬೇಕು ಎಂದು ಬಿಡಿಬಿಡಿಯಾಗಿ ಬರೆಯಿರಿ. ತನಿಖಾಧಿಕಾರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಸಕಲೇಶಪುರ ಡಿವೈಎಸ್‌ಪಿಗೂ ಹಾಸನದ ಎಸ್‌ಪಿಗೂ ಕಳಿಸಿ. ಇಂಥ ಅರ್ಜಿ ಕಡತಕ್ಕೆ ಸೇರಿದರೆ ಕರಡು ಓದುವ ಎಪಿಪಿಯ ಕಣ್ಣಿಗೂ ಬೀಳುತ್ತದೆ. ನೀವು ನೇರವಾಗಿ ಅವರನ್ನು ಒತ್ತಾಯಿಸುವುದಕ್ಕಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ. 90 ದಿನದೊಳಗೆ ತನಿಖೆಯ ಪ್ರಗತಿಯನ್ನು ನಿಮಗೆ ತಿಳಿಸಬೇಕೆಂಬ ನಿಯಮವೂ 193(3)ರಲ್ಲಿದೆ, ಅದನ್ನೂ ಅರ್ಜಿಯಲ್ಲಿ ನೆನಪಿಸಿ.

ಅಲ್ಲೂ ಜಗ್ಗದಿದ್ದರೆ ಮ್ಯಾಜಿಸ್ಟ್ರೇಟ್. ತನಿಖೆ ಸರಿಯಾಗಿ ನಡೆಯುತ್ತಿಲ್ಲವೆಂದರೆ ಅದರ ಮೇಲೆ ನಿಗಾ ಇಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ ಎಂದು ಸಾಕಿರಿ ವಾಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 156(3) ಈಗ ಸುರಕ್ಷಾ ಸಂಹಿತೆಯ 175(3), ಅರ್ಜಿಗೆ ಅಫಿಡವಿಟ್ ಬೇಕೇ ಬೇಕು. ಮೊದಲು ಎಸ್‌ಪಿಗೆ ಬರೆದ ಸ್ವೀಕೃತಿ ಇಲ್ಲದೆ ಹೋದರೆ ವಾಪಸ್ ಬರುತ್ತೀರಿ. ಮ್ಯಾಜಿಸ್ಟ್ರೇಟರೂ ‘ಇಂಥವರ ಮೇಲೆ ಚಾರ್ಜ್‌ಶೀಟ್ ಹಾಕಿ’ ಎನ್ನುವಂತಿಲ್ಲ, ತನಿಖೆ ಮಾಡಿ ಎನ್ನಬಹುದು. ಚಾರ್ಜ್‌ಶೀಟ್ ಬಿದ್ದ ಮೇಲೂ ದೋಷಾರೋಪ ಹೊರಿಸುವವರೆಗೆ ಹೆಚ್ಚಿನ ತನಿಖೆಗೆ ಆದೇಶಿಸಬಹುದೆಂದು 2019ರ ವಿನುಭಾಯಿ ಮಾಳವೀಯ ತೀರ್ಪು ಹೇಳುತ್ತದೆ.

ಪೊಲೀಸರು ಬಿ ರಿಪೋರ್ಟ್ (ಕೇಸು ಮುಕ್ತಾಯಗೊಳಿಸುವ ವರದಿ) ಹಾಕಿದರೆ ನಿಮಗೆ ನೋಟಿಸ್ ಬರಬೇಕು, ನೀವು ತಕರಾರು ಅರ್ಜಿ ಸಲ್ಲಿಸಬೇಕು. ಇಲ್ಲೊಂದು ಸೂಕ್ಷ್ಮವಿದೆ. ಮ್ಯಾಜಿಸ್ಟ್ರೇಟರು ಮೊದಲು ಬಿ ರಿಪೋರ್ಟನ್ನು ಕಾರಣ ಸಹಿತ ತಿರಸ್ಕರಿಸಿ ಆಮೇಲೆ ನಿಮ್ಮ ಪ್ರಮಾಣ ಹೇಳಿಕೆ ಪಡೆಯಬೇಕು. ಈ ಕ್ರಮ ತಪ್ಪಿದ ಆದೇಶಗಳನ್ನು ಕರ್ನಾಟಕ ಹೈಕೋರ್ಟ್ ಒಪ್ಪಿಲ್ಲ. ನಿಮ್ಮ ವಕೀಲರು ಅದನ್ನು ಗಮನಿಸಬೇಕು.

ಮುದ್ದೆಮಾಲಾಗಿ ಠಾಣೆಯಲ್ಲಿ ಬಿದ್ದಿರುವ ಮೆಣಸಿಗೆ ಬೂಷ್ಟು ಹಿಡಿಯುವ ಮೊದಲು ಮಧ್ಯಂತರ ಬಿಡುಗಡೆಗೆ ಅರ್ಜಿ ಹಾಕಿ. ಸುರಕ್ಷಾ ಸಂಹಿತೆಯ 497ನೇ ಕಲಮಿನಂತೆ ಮ್ಯಾಜಿಸ್ಟ್ರೇಟರು 14 ದಿನದೊಳಗೆ ಮಾಲಿನ ವಿವರಪಟ್ಟಿ ಮಾಡಿಸಿ, ಫೋಟೊ ತೆಗೆಸಿ, ನಂತರದ 30 ದಿನದೊಳಗೆ ವಿಲೇವಾರಿಗೆ ಆದೇಶಿಸಬೇಕು. ಇಲ್ಲಿ ಮಾತ್ರ ಎಪಿಪಿಯ ಮಾತು ನೇರವಾಗಿ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಆಕ್ಷೇಪಣೆ ಸಲ್ಲಿಸುವವರು ಅವರೇ. ದಾಸ್ತಾನು ಪುಸ್ತಕ ಮತ್ತು ತೂಕದ ಚೀಟಿಯ ಪ್ರತಿ ಮೊದಲೇ ಅವರ ಕೈಗೆ ಸಿಕ್ಕರೆ ಬಹುತೇಕ ಆಕ್ಷೇಪಣೆ ಮೃದುವಾಗಿರುತ್ತದೆ.

ಚಾರ್ಜ್‌ಶೀಟ್ ಆಗಿ ಸಿ.ಸಿ. ನಂಬರ್ (ಕೋರ್ಟು ಕೊಡುವ ಕೇಸಿನ ಸಂಖ್ಯೆ) ಬಿದ್ದ ಮೇಲೆ ಎಪಿಪಿಯನ್ನು ಧಾರಾಳವಾಗಿ ಕಾಣಿ, ಆದರೆ ಕಲಾಪ ಮುಗಿದ ಮೇಲೆ, ಆ ನಂಬರ್ ಕೈಯಲ್ಲಿ ಹಿಡಿದು. ವಿಚಾರಣೆಯಲ್ಲಿ ವ್ಯಾಪಾರಿಯ ವಿರುದ್ಧ ಸಾಕ್ಷ್ಯ ಹೊರಬಿದ್ದರೆ 358ರಡಿ ಅವನನ್ನು ಆರೋಪಿಯಾಗಿ ಸೇರಿಸಲು ಅವರು ಅರ್ಜಿ ಹಾಕಬಹುದು. ಬಿಟ್ಟುಹೋದ ಸಾಕ್ಷಿಯನ್ನು ಕರೆಸಲು 348 ಇದೆ. ನಿಮ್ಮ ಸ್ವಂತ ವಕೀಲರನ್ನು ಇಟ್ಟುಕೊಳ್ಳಬಹುದಾದರೂ ಅವರು ಎಪಿಪಿಯ ನಿರ್ದೇಶನದಲ್ಲಿ ನೆರವಾಗಬೇಕು. ಸಾಕ್ಷ್ಯ ಮುಗಿದ ಮೇಲೆ ಕೋರ್ಟಿನ ಅನುಮತಿಯಿಂದ ಲಿಖಿತ ವಾದ ಸಲ್ಲಿಸಬಹುದು. ಸ್ವತಂತ್ರವಾಗಿ ಸಾಕ್ಷಿಗಳನ್ನು ಪಾಟೀಸವಾಲು ಮಾಡಲು ಅವರಿಗೆ ಅವಕಾಶವಿಲ್ಲ ಎಂದು ರೇಖಾ ಮುರಾರ್ಕಾ ಪ್ರಕರಣದಲ್ಲಿ 2019ರಲ್ಲೇ ತೀರ್ಮಾನವಾಗಿದೆ. ಸಾಕ್ಷಿಗೆ ಕೇಳಲೇಬೇಕಾದ ಪ್ರಶ್ನೆಗಳಿದ್ದರೆ ಬರೆದು, ಸಾಕ್ಷಿ ಬರುವ ಹಿಂದಿನ ದಿನವೇ ಎಪಿಪಿಗೆ ತಲುಪಿಸಿ.