ಓಪಲ್‌ನ ಆ ಒಂದೇ ಆಲ್ಬಮ್‌ನಲ್ಲಿ ಹಾಡಿದ್ದು ಯಾರು?

ಪ್ರಶ್ನೆ: ‘ಹ್ಯಾಪಿ ನೈಟ್‌ಮೇರ್ ಬೇಬಿ’ ಅನ್ನೋದು ಮ್ಯಾಜಿ ಸ್ಟಾರ್ ಬ್ಯಾಂಡ್‌ನ ಮೊದಲ ಆಲ್ಬಮ್ ತಾನೇ? ಬೇರೆ ಹೆಸರಲ್ಲಿ ಬಂದಿದ್ದು ಅಂತ ಕೇಳಿದ್ದೆ. ಅದರಲ್ಲಿ ಹೋಪ್ ಸ್ಯಾಂಡೋವಲ್ ದನಿ ಎಷ್ಟು ಬೇರೆ ಥರ ಇದೆ ಅಲ್ವಾ?

ಬೇರೆ ಥರ ಇರಲೇಬೇಕು. ಅದು ಹೋಪ್ ದನಿಯೇ ಅಲ್ಲ. ಆಲ್ಬಮ್ ಕೂಡ ಮ್ಯಾಜಿ ಸ್ಟಾರ್‌ದಲ್ಲ, ಅದಕ್ಕೂ ಮೊದಲಿದ್ದ ಓಪಲ್ ಎಂಬ ಬ್ಯಾಂಡ್‌ನದು.

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಇವತ್ತು ಉದ್ದಕ್ಕೇ ಬರೆದುಬಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆಲ್ಲ ಇದನ್ನೇ ತೋರಿಸುವುದು.

ಹಿನ್ನೆಲೆ ನಿಮಗೆ ಗೊತ್ತೇ ಇರುತ್ತದೆ, ಬೇಗ ಮುಗಿಸೋಣ. 1980ರ ದಶಕದ ಶುರುವಿನಲ್ಲಿ ಲಾಸ್ ಏಂಜಲೀಸ್‌ನ ಒಂದಷ್ಟು ಹುಡುಗ ಹುಡುಗಿಯರಿಗೆ 60ರ ದಶಕದ ಸೈಕೆಡೆಲಿಕ್ ರಾಕ್ ಹುಚ್ಚು ಹಿಡಿದಿತ್ತು. ಡೇವಿಡ್ ರೋಬ್ಯಾಕ್ ರೇನ್ ಪರೇಡ್‌ನಲ್ಲಿ ಗಿಟಾರ್ ನುಡಿಸುತ್ತಿದ್ದ. ಕೆಂಡ್ರಾ ಸ್ಮಿತ್ ಡ್ರೀಮ್ ಸಿಂಡಿಕೇಟ್‌ನಲ್ಲಿ ಬೇಸ್ ನುಡಿಸುತ್ತಿದ್ದಳು. ಇಬ್ಬರೂ ತಮ್ಮ ತಮ್ಮ ಬ್ಯಾಂಡ್ ಬಿಟ್ಟರು, ಡ್ರಮ್ಮರ್ ಕೀತ್ ಮಿಚೆಲ್ ಜೊತೆ ಸೇರಿದರು. ಮೊದಲು ಕ್ಲೇ ಆಲಿಸನ್ ಅಂತ ಹೆಸರಿಟ್ಟುಕೊಂಡರು, ಆಮೇಲೆ ಓಪಲ್ ಆದರು. 1985ರಲ್ಲಿ ‘ನಾರ್ದರ್ನ್ ಲೈನ್’ ಎಂಬ ಇಪಿ, ಅಂದರೆ ಕೆಲವೇ ಹಾಡಿನ ಕಿರು ರೆಕಾರ್ಡ್, ಬಂತು. 1987ರಲ್ಲಿ ‘ಹ್ಯಾಪಿ ನೈಟ್‌ಮೇರ್ ಬೇಬಿ’. ಒಂಬತ್ತು ಹಾಡು. ಅದನ್ನು ಹೊರತಂದಿದ್ದು ಎಸ್‌ಎಸ್‌ಟಿ, ಬ್ಲ್ಯಾಕ್ ಫ್ಲ್ಯಾಗ್ ಎಂಬ ಪಂಕ್ ಬ್ಯಾಂಡ್‌ನ ಗ್ರೆಗ್ ಗಿನ್ ಕಟ್ಟಿದ ರೆಕಾರ್ಡ್ ಕಂಪನಿ. ವೇಗದ, ಅಬ್ಬರದ ಹಾರ್ಡ್‌ಕೋರ್ ಪಂಕ್‌ಗೆ ಹೆಸರಾದ ಜಾಗದಿಂದ ಇಂಥ ನಿಧಾನದ, ಮಂಪರಿನ ಸಂಗೀತ!

ಈಗ ಆ ಗಾಳಿಮಾತಿಗೆ ಬರೋಣ.

ಆಲ್ಬಮ್‌ನಲ್ಲಿ ಹಾಡಿರುವುದು ಕೆಂಡ್ರಾ ಸ್ಮಿತ್. ಅದು ರೆಕಾರ್ಡ್ ಆಗುವಾಗ ಹೋಪ್ ಈ ಬ್ಯಾಂಡ್‌ನಲ್ಲಿ ಇರಲೇ ಇಲ್ಲ. ಆಮೇಲೆ ಜೀಸಸ್ ಅಂಡ್ ಮೇರಿ ಚೈನ್ ಎಂಬ ಬ್ಯಾಂಡ್ ಜೊತೆ ಊರೂರು ಸುತ್ತುತ್ತಿದ್ದಾಗ ಕೆಂಡ್ರಾ ಅರ್ಧಕ್ಕೇ ಬಿಟ್ಟು ಹೊರಟಳು. ಆ ಜಾಗಕ್ಕೆ ರೋಬ್ಯಾಕ್ ಕರೆತಂದಿದ್ದು ಹೋಪ್ ಸ್ಯಾಂಡೋವಲ್‌ಳನ್ನು. ಆಕೆಯನ್ನು ಈ ಆಲ್ಬಮ್‌ನ ಗಾಯಕಿ ಅನ್ನುವುದು, ಪಂಕ್ತಿಯಲ್ಲಿ ಬಡಿಸಲು ಬಂದವರನ್ನು ಹಿಡಿದು ‘ಸಾರು ಚೆನ್ನಾಗಿ ಮಾಡಿದ್ದೀರಿ’ ಅಂದ ಹಾಗೆ.

‘ಆದರೆ ಓಪಲ್ ಹೆಸರಲ್ಲಿ ಹೋಪ್ ಹಾಡಿದ್ದನ್ನು ನಾನೇ ಕೇಳಿದ್ದೇನೆ’ ಅಂತ ಯಾರಾದರೂ ಒಬ್ಬರು ವಾದಕ್ಕೆ ಬಂದೇ ಬರುತ್ತಾರೆ. ಕೇಳಿರಬಹುದು ಸ್ವಾಮಿ. ಕೆಂಡ್ರಾ ಹೋದ ಮೇಲೂ ಸ್ವಲ್ಪ ಕಾಲ ಬ್ಯಾಂಡ್‌ಗೆ ಓಪಲ್ ಅಂತಲೇ ಹೆಸರಿತ್ತು. ಆಗ ಹೋಪ್ ವೇದಿಕೆಯ ಮೇಲೆ ಹಾಡಿದ್ದು ನಿಜ. ಅದು ವೇದಿಕೆ, ಇದು ಆಲ್ಬಮ್. ಗೊಂದಲ ಹುಟ್ಟಿದ್ದೇ ಅಲ್ಲಿ. ಆಮೇಲೆ ಹೆಸರು ಮ್ಯಾಜಿ ಸ್ಟಾರ್ ಅಂತಾಯಿತು, 1990ರಲ್ಲಿ ‘ಶಿ ಹ್ಯಾಂಗ್ಸ್ ಬ್ರೈಟ್ಲಿ’ ಬಂತು. ಮ್ಯಾಜಿ ಸ್ಟಾರ್‌ನ ಮೊದಲ ಆಲ್ಬಮ್ ಅದು. ಗಿಟಾರ್ ಹಿಡಿದವನು ಅದೇ ರೋಬ್ಯಾಕ್. ಹಾಗಾಗಿ ಕಿವಿ ಮೋಸ ಹೋಗುತ್ತದೆ, ಒಪ್ಪುತ್ತೇನೆ.

ಇದರ ನಡುವೆ 1989ರಲ್ಲಿ ‘ಅರ್ಲಿ ರೆಕಾರ್ಡಿಂಗ್ಸ್’ ಅಂತ ಇನ್ನೊಂದು ಬಂತು. ಹೆಸರೇ ಹೇಳುವಂತೆ ಅವು ಹಳೇ ರೆಕಾರ್ಡಿಂಗ್‌ಗಳು, ಒಟ್ಟು ಮಾಡಿ ಹಾಕಿದ್ದು. ಬಂದ ವರ್ಷ ನೋಡಿ ‘ಕೆಂಡ್ರಾ ಬಿಟ್ಟ ಮೇಲಿನದು, ಹಾಗಾದರೆ ಹೋಪ್ ಹಾಡಿರಬೇಕು’ ಅಂತ ಲೆಕ್ಕ ಹಾಕುವವರೂ ಇದ್ದಾರೆ. ಅಲ್ಲ. ಅಲ್ಲೂ ಕೆಂಡ್ರಾನೇ.

ಇಷ್ಟಾದರೂ ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ. ಓಪಲ್‌ನ ‘ರಾಕೆಟ್ ಮೆಷಿನ್’ ಕೇಳಿ. ಹಳೇ ಟಿ. ರೆಕ್ಸ್ ಬ್ಯಾಂಡ್ ನೆನಪಿಸುವ ಗಿಟಾರ್ ಕಡೆ ಗಮನ ಕೊಡಬೇಡಿ, ದನಿ ಮಾತ್ರ ಕೇಳಿ. ತಗ್ಗಿದ ದನಿ. ಏರಿಳಿತ ಕಡಿಮೆ. ಬಸ್ ಎಷ್ಟು ಗಂಟೆಗೆ ಅಂತ ಹೇಳುವಷ್ಟೇ ತಣ್ಣಗೆ ಹಾಡುತ್ತಾಳೆ. ಆಮೇಲೆ ಮ್ಯಾಜಿ ಸ್ಟಾರ್‌ನ 1993ರ ‘ಫೇಡ್ ಇಂಟು ಯು’ ಹಾಕಿ. ಹೋಪ್ ಪದಗಳನ್ನು ಎಳೆದೂ ಎಳೆದೂ, ಇನ್ನೂ ಹಾಸಿಗೆಯಿಂದ ಎದ್ದೇ ಇಲ್ಲವೇನೋ ಅನ್ನುವಂತೆ ಹಾಡುತ್ತಾಳೆ. ಎರಡು ಹಾಡು, ಎರಡು ದನಿ. ಹತ್ತು ನಿಮಿಷದ ಕೆಲಸ. ಪುರುಸೊತ್ತಿದ್ದರೆ ಓಪಲ್ ಆಲ್ಬಮ್‌ನ ಕೊನೆಯ ಹಾಡು ‘ಸೋಲ್ ಗಿವರ್’ ಕೂಡ ಕೇಳಿ. ಎಂಟು ನಿಮಿಷಕ್ಕೂ ಜಾಸ್ತಿ ಇದೆ. ಅವಸರದಲ್ಲಿ ಕೇಳುವಂಥದ್ದಲ್ಲ.

ನನಗೆ ಸಿಟ್ಟು ಬರುವುದು ಯಾಕೆ ಅಂದರೆ, ಕೆಂಡ್ರಾ ಆಮೇಲೆ ಉತ್ತರ ಕ್ಯಾಲಿಫೋರ್ನಿಯಾದ ಕಾಡಿನ ಕಡೆ ಹೋಗಿ ನೆಲೆಸಿದಳು. 1995ರಲ್ಲಿ ಒಂದು ಸೋಲೋ ಆಲ್ಬಮ್ ಮಾಡಿದ್ದು ಬಿಟ್ಟರೆ ಹೊರಗೆ ಕಾಣಿಸಿಕೊಂಡಿದ್ದೇ ಅಪರೂಪ. ‘ಅದು ನನ್ನ ದನಿ’ ಅಂತ ಹೇಳಿಕೊಂಡು ತಿರುಗುವ ಪೈಕಿ ಅಲ್ಲ. ಹಾಗಾಗಿ ನಾವೇ ಹೇಳಬೇಕು. ರೋಬ್ಯಾಕ್ 2020ರಲ್ಲಿ ತೀರಿಕೊಂಡ, ಮಿಚೆಲ್ ಅದಕ್ಕೂ ಮೊದಲೇ.

ಇಷ್ಟು ಬರೆದ ಮೇಲೆ ಯಾರೂ ಕೇಳದ ಒಂದು ವಿಷಯ. ರೇನ್ ಪರೇಡ್, ಡ್ರೀಮ್ ಸಿಂಡಿಕೇಟ್‌ನಂಥ ಆಗಿನ ಲಾಸ್ ಏಂಜಲೀಸ್ ಬ್ಯಾಂಡ್‌ಗಳ ಗುಂಪಿಗೆ ‘ಪೇಸ್ಲಿ ಅಂಡರ್‌ಗ್ರೌಂಡ್’ ಅನ್ನುತ್ತಾರೆ. ಅದೇ ಗುಂಪಿನ ತ್ರೀ ಓಕ್ಲಾಕ್ ಬ್ಯಾಂಡ್‌ನ ಮೈಕಲ್ ಕ್ವೆರ್ಸಿಯೊ ಸುಮ್ನೆ ತಮಾಷೆಗೆ ಅಂದಿದ್ದು, ಅಂಟಿಕೊಂಡುಬಿಟ್ಟಿತು. ಪೇಸ್ಲಿ ಅಂದರೆ ಏನು? ಸ್ಕಾಟ್ಲೆಂಡಿನ ಒಂದು ಊರು. ಕಾಶ್ಮೀರದ ಶಾಲುಗಳ ಮೇಲಿನ ಬೂಟಾ ನೋಡಿ, 19ನೇ ಶತಮಾನದಲ್ಲಿ ಅಲ್ಲಿಯ ನೇಕಾರರು ಅದರ ನಕಲು ನೇಯ್ದು ಮಾರಿದರು. ಬೂಟಾಕ್ಕೆ ಊರಿನ ಹೆಸರೇ ನಿಂತಿತು. 1960ರ ದಶಕದ ರಾಕ್ ಹುಡುಗರು ಅದೇ ಚಿತ್ತಾರದ ಅಂಗಿ ಹಾಕಿಕೊಂಡು ಮೆರೆದರು. ಅವರನ್ನು ನೋಡಿ ಲಾಸ್ ಏಂಜಲೀಸ್‌ನವರು.

ಒಮ್ಮೆ ಅಂಥ ಒಂದು ಅಂಗಿಯ ಫೋಟೋ ನೋಡುತ್ತಾ ಕೂತಿದ್ದೆ. ಹಿಂದೆ ನಿಂತಿದ್ದ ಅಮ್ಮ ಬಗ್ಗಿ ನೋಡಿ, ‘ಇದು ನಮ್ಮ ಮಾವಿನಕಾಯಿ ಬುಟ್ಟಾ ಅಲ್ವೇನೋ?’ ಅಂದರು. ಹೌದು, ಅದೇ. ಅವರ ರೇಷ್ಮೆ ಸೀರೆಯ ಸೆರಗಿನ ತುಂಬ ಅದೇ ಇದೆ.