ದಣಪೆ ದಾಟದ ಗಾಡಿ

ಮಲೆನಾಡಿನ ತೋಟಗಳಲ್ಲಿ ಓಡಾಡಿದವರಿಗೆ ದಣಪೆ ಗೊತ್ತು. ಕೆಲವು ಕಡೆ ಅದಕ್ಕೆ ತಡಮೆ ಎನ್ನುತ್ತಾರೆ. ಬೇಲಿಯ ನಡುವೆ ಮನುಷ್ಯ ಕಾಲೆತ್ತಿ ದಾಟಬಹುದು, ದನ ದಾಟಲಾರದು. ಅದರ ಉಪಾಯ ಇಷ್ಟೇ. ಇಂಗ್ಲೆಂಡಿನ ಹೊಲಗಳಲ್ಲೂ ಕುರಿ, ದನ ತಡೆಯಲು ಇಂಥದ್ದೇ ಮರದ ಮೆಟ್ಟಿಲಿರುತ್ತದೆ. ಸ್ಟೈಲ್ ಎಂದು ಅದರ ಹೆಸರು. ಕಾಲೆತ್ತಲಾಗದವರನ್ನೂ ಅದು ದನದ ಲೆಕ್ಕದಲ್ಲೇ ಆಚೆ ನಿಲ್ಲಿಸುತ್ತದೆ. ಆ ದೇಶದಲ್ಲಿ ಗಾಲಿಯ ಮೇಲೆ ಕಾಡು ಸುತ್ತುವವರ ಕಥೆಯಲ್ಲಿ ಬಹುಪಾಲು ಈ ದಣಪೆಯದೇ ಕಥೆ.

ಗಾಲಿ ಎಂದರೆ ಆಸ್ಪತ್ರೆಯ ಗಾಲಿಕುರ್ಚಿಯಲ್ಲ. ಅಲ್ಲಿ ಹೆಸರಾದದ್ದು ಟ್ರ್ಯಾಂಪರ್ ಎಂಬ ಬ್ಯಾಟರಿ ಬಗ್ಗಿ. ದಪ್ಪ ಟೈರಿನ ನಾಲ್ಕು ಚಕ್ರ, ಕುಲುಕು ತಡೆಯುವ ಸಸ್ಪೆನ್ಷನ್. ಕೆಸರು, ಬೇರು, ಏರು ಯಾವುದಕ್ಕೂ ಹೆದರದ ಗಾಡಿ. ಮೋಟಾರಿರುವ ಗಾಡಿ ಕಾಲುದಾರಿಗೆ ಇಳಿಯಬಹುದೇ ಎಂಬ ಪ್ರಶ್ನೆಗೆ 1970ರಲ್ಲೇ ಉತ್ತರ ಸಿಕ್ಕಿತ್ತು. ಲೇಬರ್ ಸಂಸದ ಆಲ್ಫ್ ಮಾರಿಸ್ ಖಾಸಗಿ ಮಸೂದೆಯಾಗಿ ತಂದ ಅಂಗವಿಕಲರ ಕಾಯ್ದೆಯ 20ನೇ ಸೆಕ್ಷನ್, ಇಂಥ ಗಾಡಿಗಳಿಗೆ ಫುಟ್‌ಪಾತು, ಕಾಲುದಾರಿ, ಕುದುರೆದಾರಿ ಮೂರನ್ನೂ ಬಿಟ್ಟುಕೊಟ್ಟಿತು. 1988ರ ನಿಯಮಗಳು ಅಳತೆ ಹಾಕಿದವು: ಇಂಥ ಬಗ್ಗಿಗಳು ಸೇರುವ ಮೂರನೇ ದರ್ಜೆಯ ಗಾಡಿ 150 ಕಿಲೋ ಮೀರಬಾರದು, ಅಗಲ 85 ಸೆಂಟಿಮೀಟರ್ ದಾಟಬಾರದು, ಕಾಲುದಾರಿಯಲ್ಲಿ ವೇಗ ಗಂಟೆಗೆ 4 ಮೈಲಿ. ಕಾನೂನಿನ ಬಾಯಲ್ಲಿ ಇವತ್ತಿಗೂ ಇದರ ಹೆಸರು ‘ಇನ್‌ವ್ಯಾಲಿಡ್ ಕ್ಯಾರೇಜ್’. ಕುದುರೆಗಾಡಿಯ ಕಾಲದ ಮಾತು. ಯಾರಿಗೂ ಇಷ್ಟವಿಲ್ಲ, ಹೋಗಿಯೂ ಇಲ್ಲ.

ಹಾಗಾಗಿ ಹಕ್ಕು ಇತ್ತು, ಮುಂದೆ ಗಾಡಿಯೂ ಬಂತು. ದಾರಿ? ಅದನ್ನು ಹಾಕಿದ್ದು ಬೇರೆಯೇ ಕಾರಣಕ್ಕೆ. ಮೊದಲ ಮಹಾಯುದ್ಧದಲ್ಲಿ ಮರದ ಕೊರತೆಯಿಂದ ಕಂಗೆಟ್ಟ ಬ್ರಿಟನ್ 1919ರಲ್ಲಿ ಅರಣ್ಯ ಆಯೋಗ ಕಟ್ಟಿ ಊರೂರಲ್ಲಿ ನೆಡುತೋಪು ಬೆಳೆಸಿತು. ನಾಟಾ ಸಾಗಿಸುವ ಲಾರಿಗೆಂದು ಕಾಡಿನೊಳಗೆ ಜಲ್ಲಿ ಹಾಕಿ ಗಟ್ಟಿ ಮಾಡಿದ, ಅಗಲವಾದ, ಏರು ಹದವಾಗಿರುವ ದಾರಿಗಳಾದವು. ಬಗ್ಗಿಗೆ ಇದಕ್ಕಿಂತ ಬೇರೇನು ಬೇಕು? ನೋಡಲು ಚೆಂದವೆಂದು ಮರದ ಚಕ್ಕೆ ಹರಡಿದ ದಾರಿಯಲ್ಲಿ ಚಕ್ರ ಹೂತುಕೊಳ್ಳುತ್ತದೆ. ಏರಿಗಿಂತ ಕೆಟ್ಟದ್ದು ಪಕ್ಕಕ್ಕೆ ವಾಲಿದ ದಾರಿ. ಕೂತವರಿಗೆ ಗಾಡಿ ಮಗುಚುವ ಭಯ ಹುಟ್ಟಿಸುವುದು ಅದು. ಡೆವನ್‌ನ ಹಾಲ್ಡನ್ ಕಾಡಿನಂಥ ಕಡೆ ಬಗ್ಗಿಗಳು ಬಾಡಿಗೆಗೆ ಸಿಗತೊಡಗಿದ್ದಕ್ಕೆ ಇಂಥ ಜಲ್ಲಿ ದಾರಿಗಳ ಋಣವಿದೆ.

ಆದರೆ ಕಾಡಿನ ಬಾಯಲ್ಲೇ ಬೇರೊಂದು ತೊಡಕು. ಹುಡುಗರು ಮೋಟಾರ್‌ಬೈಕ್ ತಂದು ದಾರಿ ಹಾಳುಮಾಡುತ್ತಾರೆಂದು ‘ಎ’ ಅಕ್ಷರದ ಆಕಾರದ ಉಕ್ಕಿನ ಚೌಕಟ್ಟು ನೆಡತೊಡಗಿದರು. ಮೇಲೆ ಕಿರಿದು, ಕೆಳಗೆ ಅಗಲ. ಬೈಕಿನ ಹ್ಯಾಂಡಲ್ ಸಿಕ್ಕಿಕೊಳ್ಳುತ್ತದೆ. ಬಗ್ಗಿಯ ಹ್ಯಾಂಡಲ್ಲೂ ಸಿಕ್ಕಿಕೊಳ್ಳುತ್ತದೆ. ಬೈಕಿನ ಹುಡುಗ ಪಕ್ಕದ ಬೇಲಿ ಕಿತ್ತು ನುಗ್ಗಬಲ್ಲ, ಬಗ್ಗಿಯಲ್ಲಿ ಕೂತವರು ಹಿಂದಿರುಗುತ್ತಾರೆ. ಬೆಂಗಳೂರಿನ ಫುಟ್‌ಪಾತಿಗೆ ಬೈಕು ಹತ್ತಬಾರದೆಂದು ಒತ್ತೊತ್ತಾಗಿ ಕಂಬ ನೆಡುತ್ತೇವಲ್ಲ, ಅದೇ ಬುದ್ಧಿ. 2018ರಲ್ಲಿ ಸಸ್‌ಟ್ರಾನ್ಸ್ ಸಂಸ್ಥೆ ತನ್ನ ರಾಷ್ಟ್ರೀಯ ಸೈಕಲ್ ಜಾಲವನ್ನು ಪರಿಶೀಲಿಸಿದಾಗ 16,000ಕ್ಕೂ ಹೆಚ್ಚು ಅಡೆತಡೆಗಳು ಲೆಕ್ಕಕ್ಕೆ ಸಿಕ್ಕವು.

ಅಂಗವಿಕಲರಿಗಾಗಿ ಬಂದ 1995ರ ತಾರತಮ್ಯ ವಿರೋಧಿ ಕಾಯ್ದೆ, ಅದರ ಜಾಗಕ್ಕೆ ಬಂದ 2010ರ ಸಮಾನತೆ ಕಾಯ್ದೆ ದೊಡ್ಡ ಹೆಸರಿನವು. ನನ್ನ ಲೆಕ್ಕದಲ್ಲಿ ದಣಪೆಯನ್ನು ನೇರವಾಗಿ ಮುಟ್ಟಿದ್ದು 2000ದ ಗ್ರಾಮಾಂತರ ಕಾಯ್ದೆಯ ಒಂದು ಸಣ್ಣ ತಿದ್ದುಪಡಿ: ಹೊಸ ಸ್ಟೈಲಿಗೆ, ಗೇಟಿಗೆ ಅನುಮತಿ ಕೊಡುವ ಮೊದಲು ಸ್ಥಳೀಯ ಕೌನ್ಸಿಲ್ಲುಗಳು ನಡೆದಾಡಲು ಕಷ್ಟವಿರುವವರ ಅಗತ್ಯವನ್ನು ಗಮನಿಸಬೇಕು. ಬಿಎಸ್ 5709 ಎಂಬ ಬ್ರಿಟಿಷ್ ಮಾನದಂಡ ಅದಕ್ಕೆ ಕ್ರಮ ಹಾಕಿಕೊಟ್ಟಿತು. ಮೊದಲು ಬರಿಯ ತೆರಪು ಸಾಕೇ ನೋಡಿ. ಆಗದಿದ್ದರೆ ಸರಳ ಗೇಟು. ಅದೂ ಆಗದಿದ್ದರೆ ಮಾತ್ರ ಒಬ್ಬೊಬ್ಬರಾಗಿ ತಿರುಗಿ ದಾಟುವ ಕಿಸ್ಸಿಂಗ್ ಗೇಟು. ಈ ಮೂರನೆಯದರಲ್ಲಿ ಉದ್ದನೆಯ ಬಗ್ಗಿ ತಿರುಗುವುದಿಲ್ಲ. ಅದಕ್ಕೊಂದು ವಿಚಿತ್ರ ಪರಿಹಾರ ಹುಡುಕಿದರು: 1981ರಲ್ಲಿ ಅಂಗವಿಕಲರ ಸಾರ್ವಜನಿಕ ಶೌಚಾಲಯಗಳಿಗೆಂದು ಬಂದ, ‘ರಾಡಾರ್’ ಎಂಬ ಸಂಸ್ಥೆಯ ಹೆಸರಿನ ಕೀಲಿಯ ಬೀಗವನ್ನೇ ಗೇಟಿಗೂ ಹಾಕಿ, ತೆರೆದರೆ ಬಾಗಿಲು ಅಗಲವಾಗುವಂತೆ ಮಾಡಿದರು. ಶೌಚಾಲಯದ ಕೀಲಿಯಿಂದ ಕಾಡು ತೆರೆಯುತ್ತದೆ.

ಹೊಸ ದಣಪೆ ಸರಿ, ಹಳೆಯದು? 1932ರ ಏಪ್ರಿಲ್ 24ರಂದು ಪೀಕ್ ಡಿಸ್ಟ್ರಿಕ್ಟಿನ ಕಿಂಡರ್ ಬೆಟ್ಟಕ್ಕೆ, ನಡೆದಾಡುವ ಹಕ್ಕು ಕೇಳಿ, ನೂರಾರು ಜನ ಬೇಕೆಂದೇ ಅತಿಕ್ರಮಣ ಮಾಡಿ ಹತ್ತಿದರು. ಐವರು ಜೈಲಿಗೆ ಹೋದರು. ಅಂಥ ಹೋರಾಟಗಳ ಹಿಂದೆಯೇ 1949ರ ಕಾಯ್ದೆ ಬಂತು. ಇಂಗ್ಲೆಂಡು, ವೇಲ್ಸಿನ ಕಾಲುದಾರಿಗಳನ್ನು ಅಧಿಕೃತ ನಕ್ಷೆಗೆ ಏರಿಸಿದ್ದು ಅದೇ. ಕಾಲುದಾರಿಗಳು ಉಳಿದಿದ್ದರೆ ಆ ನಕ್ಷೆಯಿಂದ. ಆದರೆ ಎಷ್ಟೋ ದಾರಿಗಳ ವಿವರ ಬರೆಯುವಾಗ ‘ಇಲ್ಲೊಂದು ಸ್ಟೈಲ್’ ಎಂದೂ ಬರೆದಿಟ್ಟರು. ಹಾಗೆ ದಾಖಲಾದ ದಣಪೆ ಆ ದಾರಿಯ ಷರತ್ತು, ಜಮೀನಿನವನ ಹಕ್ಕು. ಅವನು ಒಪ್ಪದೆ ಕೌನ್ಸಿಲ್ ಅದನ್ನು ಕೀಳಲಾಗದು. ಹಾಗಾಗಿ ಕಾಲುದಾರಿ ನೋಡಿಕೊಳ್ಳುವ ಅಧಿಕಾರಿಗಳು ಒಬ್ಬೊಬ್ಬ ರೈತನ ಅಂಗಳಕ್ಕೂ ಹೋಗಿ, ಗೇಟು ನಾವೇ ಕೊಡುತ್ತೇವೆ, ಸ್ಟೈಲ್ ತೆಗೆಯಲು ಬಿಡಿ ಎಂದು ಕೇಳುತ್ತಿದ್ದಾರೆ.